ಶಾವಿಗೆಗೆ ಅಮೆರಿಕದ ದಂಡ

ತಪ್ಪು ಮಾಡಿದವನಿಗೆ ಕಾನೂನು ಗೊತ್ತಿರಬಾರದು. ಗೊತ್ತಿದ್ದರೆ ಸುಮ್ಮನೆ 'ತಪ್ಪಾಯಿತು' ಎನ್ನುವುದನ್ನು ಬಿಟ್ಟು ವಾದಕ್ಕೆ ನಿಲ್ಲುತ್ತಾನೆ. ಬೈಲಹೊಂಗಲದಲ್ಲಿ ಇಪ್ಪತ್ತು ವರ್ಷದಿಂದ ವಕೀಲಿ ಮಾಡುತ್ತಿರುವ ನಾನೇ ಇದಕ್ಕೆ ಸಾಕ್ಷಿ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಫೋನಿನಲ್ಲಿ ಮಾತಾಡುತ್ತಲೇ ಕಾರನ್ನು ಹಿಂದಕ್ಕೆ ತೆಗೆದೆ. ಧಡ್ ಎಂದಿತು. ಪಕ್ಕದ ಮನೆಯ ಶಾಂತವ್ವ ಶಾವಿಗೆ ಒಣಹಾಕಿದ್ದ ಹೊರಸು ಮಂಚ ಮಗುಚಿ, ಶಾವಿಗೆಯೆಲ್ಲ ಗಟಾರ ಸೇರಿತ್ತು. ಅವರ ಮಗಳು ಸೋಮವಾರ ರಾಮದುರ್ಗದಲ್ಲಿ ಖಾನಾವಳಿ ತೆರೆಯುವವಳಿದ್ದಳು; ಮೊದಲ ದಿನದ ಪಾಯಸಕ್ಕೆಂದು ಮಾಡಿದ ಶಾವಿಗೆ ಅದು. ಶಾಂತವ್ವ ಓಡಿಬಂದರು. ನನ್ನ ಬಾಯಿಂದ ಹೊರಟ ಮೊದಲ ಮಾತು, "ನಾಯಿ ಬೀಳಿಸ್ತು ನೋಡ್ರಿ."

ಅವರು ನೆಲ ನೋಡಿದರು. "ನಾಯಿ ಟೈರ್ ಹಾಕ್ಕೊಂಡು ಬಂದಿತ್ತೇನ್ರಿ, ವಕೀಲ್ರ?"

ಸಿಕ್ಕಿಬಿದ್ದ ನಾನು ಸೀದಾ ದೇಶಾಂತರ ಹೋದೆ. ಜರ್ಮನಿಯಲ್ಲಿ ಆದ ನಷ್ಟವನ್ನಷ್ಟೇ ತುಂಬಿಕೊಡಬೇಕು, ಅಮೆರಿಕದಲ್ಲಿ ನಡತೆ ತೀರಾ ಕೆಟ್ಟದ್ದಾಗಿದ್ದರೆ ಬುದ್ಧಿ ಬರಲೆಂದು ಮೇಲೊಂದು ದಂಡವೂ ಬೀಳುತ್ತದೆ, ನಮ್ಮಲ್ಲಿ ಅಂಥ ದಂಡ ಅಪರೂಪ ಎಂದೆಲ್ಲ ವಿವರಿಸಿದೆ.

"ನಿಮಗ ಯಾವ ದೇಶದ್ದು ಬೇಕು?"

"ಜರ್ಮನಿದು," ಎಂದು ಕಿಸೆಗೆ ಕೈಹಾಕಿದೆ.

"ರೊಕ್ಕ ತಿರುವಿದ್ರ ಶಾವಿಗಿ ಬೀಳಂಗಿಲ್ರಿ. ಬಂದು ಮಶೀನ್ ತಿರುವ್ರಿ."

ಶನಿವಾರ, ಭಾನುವಾರ ಎರಡು ದಿನ ಶಾವಿಗೆ ಮಶೀನಿನ ಹಿಡಿಕೆ ತಿರುವಿದೆ. ಗಟಾರ ಸೇರಿದಷ್ಟು ಶಾವಿಗೆ ಮತ್ತೆ ಹೊರಸಿಗೆ ಬಂದಾಗ ಸೊಂಟ ಹಿಡಿದುಕೊಂಡು ಎದ್ದೆ.

"ಕುಂದರ್ರಿ. ಜರ್ಮನಿದು ಮುಗೀತು. ಪಾಪದ ನಾಯಿ ಮ್ಯಾಲ ತಪ್ಪು ಹಾಕಿದ್ರಲ್ಲ, ಅದರದು ಅಮೆರಿಕಾದ್ದು ಬಾಕಿ ಐತಿ," ಎಂದು ಶಾಂತವ್ವ ಇನ್ನೊಂದು ಮುದ್ದೆ ಹಿಟ್ಟು ಇಟ್ಟರು.

ಮೇಲ್ಮನವಿಗೆ ದಾರಿಯೇ ಇರಲಿಲ್ಲ. ಅವರ ತೀರ್ಪು ಕಾನೂನಿನ ಪ್ರಕಾರವೂ ಸರಿಯಿತ್ತು: ಹೊರಸು ಬಿದ್ದದ್ದು ಅಜಾಗರೂಕತೆ, ಸುಳ್ಳು ಮಾತ್ರ ನಾನು ಬೇಕೆಂತಲೇ ಹೇಳಿದ್ದು. "ತಪ್ಪಾತ್ರಿ, ಶಾಂತವ್ವಾರ," ಎಂದೆ. ಮೊದಲೇ ಅಂದಿದ್ದರೆ ಒಂದು ಮುದ್ದೆ ಉಳಿಯುತ್ತಿತ್ತು. ಆದರೂ ಮನಸ್ಸು ಹಗುರಾಯಿತು. ಅವರು ಚಹಾ ಕೊಟ್ಟರು. ಮಗಳ ಖಾನಾವಳಿ ನಡೆದೀತೋ ಇಲ್ಲವೋ ಎಂಬ ತಮ್ಮ ಅಂಜಿಕೆಯನ್ನೂ ಹೇಳಿಕೊಂಡರು.

ಸೋಮವಾರ ಮಧ್ಯಾಹ್ನ ರಾಮದುರ್ಗದಿಂದ ಅವರ ಮಗಳದೇ ಫೋನು: "ಕಾಕಾ, ಕುಂದರಾಕ ಜಾಗ ಇಲ್ರಿ! ಪಾಯಸದ ಪಾತೇಲಿ ಆಗಳೇ ಖಾಲಿ!" ಯಾವ ಕೇಸು ಗೆದ್ದಾಗಲೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ.

ಮರುದಿನ ಕೋರ್ಟಿನಲ್ಲಿ ವಕಾಲತ್ತಿಗೆ ಸಹಿ ಹಾಕಲು ಹೋದರೆ ಎರಡು ದಿನ ಹಿಡಿಕೆ ತಿರುವಿದ ಬಲಗೈಯಲ್ಲಿ ಪೆನ್ನೇ ನಿಲ್ಲಲಿಲ್ಲ. ಎದುರಿಗೆ ಕೂತಿದ್ದ ಮುನವಳ್ಳಿಯ ಮುದಿ ಕಕ್ಷಿದಾರ ಸ್ವಲ್ಪ ಹೊತ್ತು ನನ್ನ ಪಾಡು ನೋಡಿದ. ಆಮೇಲೆ ತಾನು ಈಗಷ್ಟೇ ಹೆಬ್ಬೆಟ್ಟು ಒತ್ತಿದ್ದ ಮಸಿಯ ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ, ಯಾರಿಗೂ ಕೇಳಿಸದಂತೆ ಹೇಳಿದ:

"ಒತ್ತಿಬಿಡ್ರಿ ಸಾಹೇಬ್ರ. ಇದ್ರಾಗ ನಾಚಿಕಿ ಏನೈತಿ?"