ಕಾಕಾನ ಹಾಲ್ಟು

ನಮ್ಮ ಕಾಕಾ ಸುಳ್ಳು ಹೇಳುತ್ತಾರೆ ಅಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಅವರು ಹೇಳುವುದು ಇತಿಹಾಸ. ಅದೂ ದೇಶದ್ದಲ್ಲ, ಲೋಕದ್ದಲ್ಲ. ಶೇಡಬಾಳದ ಆಚೆ ನಮ್ಮೂರಲ್ಲಿದ್ದು, ಈಗ ಮುಚ್ಚಿಹೋದ ರೈಲ್ವೆ ಹಾಲ್ಟಿನದು. ಒಂದು ತಗಡಿನ ಚಪ್ಪರ, ಒಂದು ಬೇವಿನ ಗಿಡ, ಟಿಕೆಟ್ ಕೊಡುವ ಒಂದು ಕಿಂಡಿ. ಇಷ್ಟರ ಇತಿಹಾಸ ಎಷ್ಟು ಹೊತ್ತು ನಡೆದೀತು ಅನ್ನುತ್ತೀರಾ? ನನಗೆ ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ, ಕಾಕಾ ಇನ್ನೂ ಮೊದಲ ಗಾಡಿ ಬರುವಲ್ಲಿಯೇ ಇದ್ದಾರೆ.

ಆ ಕಿಂಡಿಯೊಳಗೆ ಕೂತು ಕಮಿಷನ್ ಮೇಲೆ ಟಿಕೆಟ್ ಮಾರುತ್ತಿದ್ದವರು ಅವರೇ. ಬೆಳಗಿನ ಪ್ಯಾಸೆಂಜರಿಗೆ ಹಾಲಿನ ಕ್ಯಾನಿನವರು, ಕಾಲೇಜು ಹುಡುಗರು, ಕೂಲಿಗೆ ಹೋಗುವವರು, ದವಾಖಾನೆಗೆ ಹೊರಟವರು ಎಲ್ಲರೂ ಮಿರಜಿಗೆ ಹೋಗಿ ಸಂಜೆಯ ಗಾಡಿಗೆ ಮರಳುತ್ತಿದ್ದರು. ಅಷ್ಟೊಂದು ಗದ್ದಲವಿದ್ದ ಹಾಲ್ಟು ಮುಚ್ಚಿದ್ದೇಕೆ?

ಅದಕ್ಕೆ ಕಾರಣ ಊರಿನ ಅಜ್ಜಂದಿರು. ಹಳಿ ಹಾಕುವಾಗ ನಮ್ಮೂರವರು ಹೊಲ ಬಿಟ್ಟುಕೊಟ್ಟಿದ್ದರಂತೆ. ಯಾರ ಅಜ್ಜ ಕೊಟ್ಟ ಎಂದು ಕೇಳಬೇಡಿ, ಎಲ್ಲರ ಅಜ್ಜನೂ ಕೊಟ್ಟಿದ್ದಾನೆ. ಹಾಗಾಗಿ ಊರಲ್ಲಿ ಟಿಕೆಟ್ ತೆಗೆಸುವುದೆಂದರೆ ಮರ್ಯಾದೆಗೇಡು. "ನಮ್ಮಜ್ಜನ ಹೊಲದಾಗ ಗಾಡಿ ಹೊಂಟೈತಿ, ನಾ ಟಿಕೆಟ್ ತಗೋಬೇಕೇನು?" ಎಂದು ಕಿಂಡಿಯ ಮುಂದೆಯೇ ಮೀಸೆ ತಿರುವಿ ಗಾಡಿ ಹತ್ತುತ್ತಿದ್ದರು. ಮಾರಾಟವಿಲ್ಲದ ಹಾಲ್ಟನ್ನು ರೈಲ್ವೆಯವರು ಎಷ್ಟು ದಿನ ಸಾಕುತ್ತಾರೆ? ಒಂದು ದಿನ ಗಾಡಿ ನಿಲ್ಲಲಿಲ್ಲ. ಹಾಲಿನ ಕ್ಯಾನುಗಳ ಜೊತೆ ಊರೇ ಬಾಯಿ ಬಿಟ್ಟು ನೋಡುತ್ತ ನಿಂತಿತು.

ಊರವರು ಬಸ್ಸಿಗೆ, ಟಂಟಂ ಆಟೋಗೆ ಹೊಂದಿಕೊಂಡರು. ಕಾಕಾ ಹೊಂದಿಕೊಳ್ಳಲಿಲ್ಲ. ಹೊಂದಿಕೊಳ್ಳುವ ಹಾಗೂ ಇರಲಿಲ್ಲ, ಏಕೆಂದರೆ ಅವರ ಹೆಂಡತಿ, ನಮ್ಮ ಕಾಕುವಿನ ಬೆನ್ನುಮೂಳೆ ಸವೆದಿದೆ. ತಿಂಗಳಿಗೆರಡು ಸಲವಾದರೂ ಮಿರಜಿನ ಡಾಕ್ಟರಿಗೆ ತೋರಿಸಬೇಕು. ಪ್ಯಾಸೆಂಜರಿನಲ್ಲಾದರೆ ಸೀಟಿನ ಮೇಲೆ ಕಾಲು ಚಾಚಿ ಮಲಗಿ ಹೋಗುತ್ತಿದ್ದಳು. ಈಗ ನನ್ನ ಹಳೇ ಕಾರಿನಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಕಿತ್ತ ರಸ್ತೆಯಲ್ಲಿ, ತಗ್ಗಿಗೊಮ್ಮೆ "ಯವ್ವಾ" ಅನ್ನುತ್ತ ಹೋಗುತ್ತಾಳೆ. ಹಿಂದೆ ಕಾಕುವಿನ ನರಳಾಟ, ಪಕ್ಕದಲ್ಲಿ ಕಾಕಾನ ಇತಿಹಾಸ. ಮನೆ ಮುಟ್ಟುವಷ್ಟರಲ್ಲಿ ನನ್ನ ಜೀವವೂ ಸಾಕುಸಾಕಾಗಿರುತ್ತದೆ.

ಕಾಕಾನ ಇತಿಹಾಸದ ಗುಟ್ಟೆಂದರೆ ಕೇಳುವವನ ಅಜ್ಜ ಅದರಲ್ಲಿ ಬಂದೇ ಬರುತ್ತಾನೆ. ಕಿರಾಣಿ ಅಂಗಡಿಯವರಿಗೆ ಹೇಳುವಾಗ ಅವರ ಅಜ್ಜ ಮೊದಲ ಗಾಡಿಯ ಡ್ರೈವರನಿಗೆ ಬೆಲ್ಲ ನೀರು ಕೊಡುತ್ತಾನೆ. ಕುರಿ ಕಾಯುವವನಿಗೆ ಹೇಳುವಾಗ ಅವನ ಅಜ್ಜನ ಟಗರು ಹಳಿಗೆ ಅಡ್ಡ ನಿಂತು ಅದೇ ಗಾಡಿಯನ್ನು ನಿಲ್ಲಿಸುತ್ತದೆ. ಗಾದಿ ಹೊಲಿಯುವ ಸಾಬರ ಅಜ್ಜನಂತೂ ಇಂಗ್ಲಿಷ್ ಸಾಹೇಬನಿಗೇ ದಿಂಬು ಕೊಟ್ಟವನು. ಎಲ್ಲರಿಂದ ಕಾಕಾ ಕೇಳುವುದು ಒಂದೇ: "ಗಾಡಿ ನಿಲ್ಲಸಾಕ ರೈಲ್ವೆದವರಿಗೆ ನೀವೂ ಒಂದ ಮಾತ ಹೇಳ್ರಿ."

ಮಾತಿನಿಂದ ಆಗದಿದ್ದಾಗ ಹೊಸ ಉಪಾಯ ಹೂಡಿದರು. ಗಾಡಿ ಹೋಗುವ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ಜನ ತುಂಬಿದ್ದರೆ ಡ್ರೈವರ್ ಮೇಲಿನವರಿಗೆ ಹೇಳಿಯೇ ಹೇಳುತ್ತಾನಲ್ಲವೇ? ಆದರೆ ಜನ ಬಿಟ್ಟಿ ಬರುತ್ತಾರೆಯೇ? ಬೇವಿನ ಗಿಡದ ಕೆಳಗೆ ಒಲೆ ಹೂಡಿಸಿ ಮಿರ್ಚಿ ಭಜಿ ಕರಿಸಿದರು. ಮೊದಲ ದಿನ ಊರು ನೆರೆಯಿತು. ಡ್ರೈವರ್ ಸೀಟಿ ಊದಿ, ಕೈ ಬೀಸಿ, ಖುಷಿಯಿಂದ ಹೋದ. ಮರುದಿನ ಇಮ್ಮಡಿ ಜನ, ಆದರೆ ಎಲ್ಲರ ಮುಖ ಬಾಣಲೆಯ ಕಡೆ, ಬೆನ್ನು ಗಾಡಿಯ ಕಡೆ. ಗಾಡಿ ಹೋದದ್ದು ಕಾಕಾನ ಹೊರತು ಯಾರಿಗೂ ಗೊತ್ತಾಗಲಿಲ್ಲ.

ಮೊನ್ನೆ ಹಳಿ ನೋಡಲು ರೈಲ್ವೆ ಸಾಹೇಬರೊಬ್ಬರು ಬಂದರು. ಕಾಕಾ ನನ್ನನ್ನೂ ಎಳೆದುಕೊಂಡು ಹೋದರು. ಸಾಹೇಬರ ಊರು ಕೇಳಿ, ಎರಡೇ ನಿಮಿಷದಲ್ಲಿ ಅವರ ಅಜ್ಜನನ್ನೂ ಮೊದಲ ಗಾಡಿಗೆ ಹತ್ತಿಸಿದರು. ಸಾಹೇಬರು ನಕ್ಕರು. ಕಾಕುವಿನ ಬೆನ್ನಿನ ಸಂಗತಿ ಕೇಳಿ ಮೆತ್ತಗಾದರು.

"ಅಜ್ಜಾರ, ಟಿಕೆಟ್ ಹೋಗತಿದ್ವು ಅಂದ್ರ ನಾ ಮ್ಯಾಲ ಮಾತಾಡಬಹುದು. ಊರ ಮಂದಿ ದಿನಾ ಟಿಕೆಟ್ ತಗೋತಿದ್ರಲ್ರಿ?"

ಹೌದು ಅಂದರೆ ಮುಗಿಯಿತು. ನಾನು ಕಾಕಾನ ಮೊಣಕೈ ತಿವಿದೆ. ಕಾಕಾ ಆ ಕಿಂಡಿಯನ್ನೇ ನೋಡುತ್ತ ನಿಂತರು.

"ಇಲ್ರಿ ಸಾಹೇಬ್ರ. ಯಾರೂ ತಗೋತಿದ್ದಿಲ್ಲ. ನಮ್ಮ ಮನ್ಯಾಕಿ ಒಬ್ಬಾಕಿ ತಗೋತಿದ್ಲು."

ಸಾಹೇಬರು ಇನ್ನೇನು ಹೇಳಿಯಾರು? ನಮಸ್ಕಾರ ಮಾಡಿ ಹೋದರು. ದಾರಿಯಲ್ಲಿ ನನ್ನ ಸಿಟ್ಟು ನೆತ್ತಿಗೇರಿತು.

"ಜನ್ಮಪೂರ್ತಿ ಬುರುಡಿ ಬಿಟ್ಟೀರಿ ಕಾಕಾ. ಇವತ್ತೊಂದು ಬಿಟ್ಟಿದ್ರ ಕಾಕುಗ ಗಾಡಿ ನಿಲ್ತಿತ್ತಲ್ರಿ."

ಕಾಕಾ ದಾರಿಯಲ್ಲೇ ನಿಂತು ನನ್ನ ಕಡೆ ತಿರುಗಿದರು.

"ದವಾಖಾನಿ ದಿನ ಬಿಟ್ರ ಆಕಿ ಎಲ್ಲಿಗೂ ಹೋಗತಿದ್ದಿಲ್ಲೋ ತಮ್ಮಾ. ದಿನಾ ಕಿಂಡಿಗೆ ಬಂದು ಮಿರಜಿನ ಟಿಕೆಟ್ ತಗೊಂಡು, ಹೊಳ್ಳಿ ಮನಿಗೆ ಹೋಗಿ ರೊಟ್ಟಿ ಬಡೀತಿದ್ಲು. ಒಂದೂ ಮಾರಲಿಲ್ಲ ಅಂತ ನಾ ಮಾರಿ ಸಣ್ಣದ ಮಾಡ್ಕೊಂಡು ಬರಬಾರದು ಅಂತ. ಇವತ್ತ ನಾ ಎಲ್ಲಾರೂ ತಗೋತಿದ್ರು ಅಂದ್ರ, ಆಕಿ ಮಾಡಿದ್ದು ಏನ್ ಉಳೀತು?"

ಮನೆಯಲ್ಲಿ ಕಾಕು ಗೋಡೆಗೆ ದಿಂಬಿಟ್ಟು ಒರಗಿಕೊಂಡಿದ್ದಳು.

"ಏನಂದ್ರು ಸಾಹೇಬ್ರು?"

"ನಿಲ್ಲಸ್ತೀನಿ ಅಂದಾರ" ಎಂದರು ಕಾಕಾ, ರೆಪ್ಪೆ ಹೊಡೆಯದೆ.

ಕಾಕು ಅವರ ಮುಖವನ್ನೊಮ್ಮೆ ನೋಡಿದಳು, ನನ್ನ ಮುಖವನ್ನೊಮ್ಮೆ ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತೆಂದು ನನಗೆ ಗೊತ್ತಾಯಿತು.

"ಆತು ಬಿಡ್ರಿ. ಗಾಡಿ ಬರೂತನಕಾ ಇಲ್ಲೇ ನನ್ನ ಕಡೆ ಕೂಡ್ರಿ" ಎಂದು ಕಷ್ಟಪಟ್ಟು ತುಸು ಸರಿದು ಜಾಗ ಕೊಟ್ಟಳು.