ಮಾವ ಆರಿಸಿದ ಬೇಸ್‌ಬಾಲ್

ನೇತ್ರಾವತಿಯ ಈಚೆ ದಡದಲ್ಲಿ ನಮ್ಮ ಮಾವನಷ್ಟು ಬೇಸ್‌ಬಾಲ್ ತಿಳಿದವರು ಇನ್ನೊಬ್ಬರಿಲ್ಲ. ಆಚೆ ದಡದಲ್ಲಿಯೂ ಇರಲಾರರು ಎಂದು ಧೈರ್ಯವಾಗಿ ಹೇಳಬಲ್ಲೆ. ಇಷ್ಟೆಲ್ಲ ಆಗಿಯೂ ಮಾವ ಜೀವಮಾನದಲ್ಲಿ ಒಂದೇ ಒಂದು ಬೇಸ್‌ಬಾಲ್ ಪಂದ್ಯವನ್ನು ಕಣ್ಣಿಂದ ನೋಡಿದವರಲ್ಲ! ಮೈದಾನದಲ್ಲಿ ಹೋಗಲಿ, ಟಿವಿಯಲ್ಲಿಯೂ ನೋಡಿಲ್ಲ. ಆ ಚೆಂಡು ಕೆಂಪೋ ಬಿಳಿಯೋ ಎಂದು ಯಾರಾದರೂ ಕೇಳಿದರೆ, "ಅದು ಮುಖ್ಯ ಅಲ್ಲ ಮಾರಾಯ" ಎಂದು ಮಾತು ಮುಗಿಸುತ್ತಿದ್ದರು.

ಮಾವ ಎಂದರೆ ನನ್ನ ತಾಯಿಯ ತಮ್ಮ. ಮನೆ ತೋಡಾರಿನಲ್ಲಿ, ಕೆಲಸ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ, ಖಾಸಗಿ ಬಸ್ಸುಗಳ ಟೈಮ್ ಕೀಪರ್. ಈ ಕೆಲಸದ ಗಾಂಭೀರ್ಯ ಹೊರಗಿನವರಿಗೆ ತಿಳಿಯದು. ನಮ್ಮ ಕಡೆಯ ಬಸ್ಸುಗಳು ನಿಮಿಷದ ಮೇಲೆ ಬದುಕುವಂಥವು. ಒಂದು ಬಸ್ಸು ಎರಡು ನಿಮಿಷ ಹೆಚ್ಚಿಗೆ ನಿಂತರೆ ಹಿಂದಿನ ಬಸ್ಸಿನ ಜನರೆಲ್ಲ ಇದಕ್ಕೇ ಹತ್ತಿಬಿಡುತ್ತಾರೆ. ಆ ಬಸ್ಸಿನ ಕಂಡಕ್ಟರ್ ತೋಳು ಮಡಚಿಕೊಂಡು ಬರುತ್ತಾನೆ. ಇವರಿಬ್ಬರ ನಡುವೆ ವಾಚು ಹಿಡಿದು ನಿಲ್ಲುವವರು ನಮ್ಮ ಮಾವ. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆ ಇಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ "ಹೊರಡು, ಹೊರಡು" ಎಂದು ಕೂಗಿ ಕೂಗಿ ಅವರ ಸ್ವರ ಇಡೀ ಬಸ್‌ಸ್ಟ್ಯಾಂಡನ್ನು ತುಂಬುವಷ್ಟು ಬೆಳೆದಿತ್ತು. ಮನೆಗೆ ಬಂದ ನೆಂಟರು ಹೊಸ್ತಿಲಲ್ಲಿ ನಿಂತು ಮಾತು ಎಳೆದಾಗ ಬಾಯಿತಪ್ಪಿ "ಹೊರಡು" ಎಂದುಬಿಟ್ಟು ಅತ್ತೆಯಿಂದ ಬೈಸಿಕೊಂಡದ್ದೂ ಉಂಟು!

ಇಂಥವರಿಗೆ ಬೇಸ್‌ಬಾಲ್ ಅಂಟಿಸಿದವರು ಮೋನಾಕ, ಅಂದರೆ ಮೋನು ಕಾಕ. ಬಸ್‌ಸ್ಟ್ಯಾಂಡಿನ ಎದುರು ಅತ್ತರು, ಟಾರ್ಚು, ಕೊಡೆ, ಬಳೆ ಮಾರುವ ಫ್ಯಾನ್ಸಿ ಅಂಗಡಿ ಅವರದು. ಅದಕ್ಕೆ ಮೊದಲು ಹನ್ನೊಂದು ವರ್ಷ ಸೌದಿಯ ದಮಾಮಿನಲ್ಲಿ ಒಂದು ಕಂಪೆನಿಯ ಸ್ಟೋರ್ ನೋಡಿಕೊಂಡಿದ್ದರು. ಊರಿಗೆ ಮರಳುವಾಗ ಎಲ್ಲರೂ ಕಂಬಳಿ, ಟೇಪ್ ರೆಕಾರ್ಡರ್ ತಂದರೆ ಮೋನಾಕ ಒಂದು ರಟ್ಟಿನ ಪೆಟ್ಟಿಗೆ ತಂದರು. ಕ್ಯಾಂಪಿನಲ್ಲಿದ್ದ ಅಮೆರಿಕದ ಇಂಜಿನಿಯರ್ ಒಬ್ಬ ಕೆಲಸ ಬಿಟ್ಟು ಹೋಗುವಾಗ ಕೊಟ್ಟದ್ದಂತೆ. ಪೆಟ್ಟಿಗೆಯ ತುಂಬ ಆಟಗಾರರ ಹೆಸರಿನ ಕಾರ್ಡುಗಳು, ಒಂದು ದೊಡ್ಡ ಕೋಷ್ಟಕ, ಮೂರು ದಾಳ. ದಾಳ ಹಾಕುವುದು, ಬಿದ್ದ ಸಂಖ್ಯೆಯನ್ನು ಕಾರ್ಡಿನಲ್ಲಿ ಹುಡುಕುವುದು, ಹೊಡೆದನೋ ಔಟಾದನೋ ಎಂದು ತಿಳಿಯುವುದು. ಮೇಜಿನ ಮೇಲೆಯೇ ಬೇಸ್‌ಬಾಲ್!

ತೊಂಬತ್ತರ ದಶಕದ ನಡುವಿನ ಮಾತು ಇದು. ನಮ್ಮಲ್ಲಿ ಆಗ ಗದ್ದೆ ಕೊಯ್ದ ಕೂಡಲೇ ಅಂಡರ್ ಆರ್ಮ್ ಕ್ರಿಕೆಟ್ ಶುರುವಾಗುತ್ತಿತ್ತು. ಊರೇ ಅಲ್ಲಿದ್ದರೂ ಮಾವ ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. "ಇಷ್ಟೇ ಓವರ್ ಅಂತ ಲೆಕ್ಕ ಇಟ್ಟ ಮೇಲೆ ಅದೂ ಟೈಮಿಂಗ್ಸೇ ಅಲ್ವಾ? ಬೆಳಗ್ಗೆಯಿಂದ ಅದನ್ನೇ ನೋಡಿ ಸಾಕಾಗಿದೆ" ಎನ್ನುತ್ತಿದ್ದರು. ಬೇಸ್‌ಬಾಲಿನಲ್ಲಿ ಗಡಿಯಾರವೇ ಇಲ್ಲ, ಮೂರು ಜನ ಔಟಾಗುವವರೆಗೆ ಎಷ್ಟು ಹೊತ್ತು ಬೇಕಾದರೂ ಆಡಬಹುದು ಎಂದು ಮೋನಾಕ ಹೇಳಿದಾಗ ಮಾವನಿಗೆ ನಂಬಿಕೆಯೇ ಬರಲಿಲ್ಲವಂತೆ. "ಯಾರೂ ಹೊರಡು ಅನ್ನುದಿಲ್ವಾ?" ಎಂದು ಎರಡೆರಡು ಸಲ ಕೇಳಿದರಂತೆ.

ಅಂದಿನಿಂದ ಮಧ್ಯಾಹ್ನ ಡ್ಯೂಟಿ ಬದಲಾದ ಕೂಡಲೇ ಮಾವ ಅಂಗಡಿಯ ಹಿಂದಿನ ಕೋಣೆಗೆ. ಆಗ ಕಾಲೇಜಿಗೆ ಹೋಗುತ್ತಿದ್ದ ನನಗೂ ಒಮ್ಮೆ ಪಾಠ ಸಿಕ್ಕಿತು.

"ನೋಡು, ಬ್ಯಾಟು ಬೀಸುವ ಜಾಗ ಮೂಡುಬಿದಿರೆ ಅಂತ ಇಟ್ಟುಕೋ. ಹೊಡೆದವ ಓಡಿ ಗುರುವಾಯನಕೆರೆಗೆ ಹೋಗ್ಬೇಕು, ಅದು ಫಸ್ಟ್ ಬೇಸ್. ಸೆಕೆಂಡು ಬೆಳ್ತಂಗಡಿ. ಥರ್ಡು ಬಂಟ್ವಾಳ. ಅಲ್ಲಿಂದ ತಿರುಗಿ ಮೂಡುಬಿದಿರೆಗೆ ಬಂದ್ರೆ ಒಂದು ರನ್."

"ಮಾವ, ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಹೋಗುವಾಗ ಪುನಃ ಗುರುವಾಯನಕೆರೆ ಸಿಗ್ತದಲ್ಲ?"

ಮಾವ ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿದರು. "ಅಧಿಕಪ್ರಸಂಗ ಮಾಡ್ಬೇಡ. ಅಮೆರಿಕದಲ್ಲಿ ಬೈಪಾಸ್ ಉಂಟು."

ಕಾರ್ಡಿನ ಮೇಲಿದ್ದ ಅಮೆರಿಕದ ಹೆಸರುಗಳು ಇಬ್ಬರ ನಾಲಗೆಗೂ ಹೊರಳಲಿಲ್ಲ. ಅದಕ್ಕೆ ಅವುಗಳ ಮೇಲೆ ಚೀಟಿ ಅಂಟಿಸಿ ಬಸ್ಸಿನ ಡ್ರೈವರು, ಕಂಡಕ್ಟರುಗಳ ಹೆಸರು ಬರೆದರು. ಅಲ್ಲಿಂದ ಫಜೀತಿ ಶುರು! ಧರ್ಮಸ್ಥಳ ರೂಟಿನ ಕಂಡಕ್ಟರ್ ಒಬ್ಬನಿಗೆ ಸುದ್ದಿ ಹೋಗಿ, ಅವನು ಬಸ್ಸು ನಿಲ್ಲಿಸಿದವನೇ ನೇರ ಮಾವನ ಹತ್ತಿರ ಬಂದ.

"ಎಂತ ಮಾರ್ರೆ, ನನ್ನನ್ನು ನಿನ್ನೆ ಮೂರು ಸಲ ಔಟ್ ಮಾಡಿದ್ರಂತೆ?"

"ನಾನು ಮಾಡಿದ್ದಲ್ಲ. ದಾಳ ಮಾಡಿದ್ದು."

"ಹಾಗಾದ್ರೆ ಪುನಃ ಒಮ್ಮೆ ಹಾಕಿ."

"ಪುನಃ ಹಾಕ್ಲಿಕ್ಕಿಲ್ಲ. ಔಟ್ ಅಂದ್ರೆ ಔಟ್."

ಆ ಮನುಷ್ಯ ಒಂದು ವಾರ ಮಾವನ ಜತೆ ಮಾತು ಬಿಟ್ಟ. ಮರುವಾರ ದಾಳದ ಕೃಪೆಯಿಂದ ಅವನ ಕಾರ್ಡು ಹೋಮ್ ರನ್, ಅಂದರೆ ಬೇಸ್‌ಬಾಲಿನ ಸಿಕ್ಸರ್, ಹೊಡೆಯಿತು. ಖುಷಿಯಲ್ಲಿ ಅವನು ಬಸ್‌ಸ್ಟ್ಯಾಂಡಿನಲ್ಲಿದ್ದವರಿಗೆಲ್ಲ ಚಹಾ ಕುಡಿಸಿದ. "ಮಗು ಆಯ್ತಾ?" ಎಂದು ಒಬ್ಬ ಅಜ್ಜಿ ವಿಚಾರಿಸಿದರು. "ಇಲ್ಲ ಅಜ್ಜಿ, ಹೋಮ್ ರನ್" ಎಂದನಂತೆ. ಅಜ್ಜಿ ಅದೂ ಒಳ್ಳೆಯದೇ ಎಂದು ಹರಸಿ ಬಸ್ಸು ಹತ್ತಿದರಂತೆ.

ಹೀಗೆ ಐದಾರು ವರ್ಷ ನಡೆಯಿತು. ಅಷ್ಟರಲ್ಲಿ ನಾನು ಓದು ಮುಗಿಸಿ ಗುರುವಾಯನಕೆರೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು ಸಣ್ಣ ಸೆಂಟರ್ ತೆರೆದಿದ್ದೆ. ಟೈಪಿಂಗ್ ಕಲಿಸುವುದು, ಮದುವೆ ಕಾಗದ ಮಾಡುವುದು, ಇಷ್ಟೇ. ಒಂದು ದಿನ ವಾರದ ರಜೆಯಲ್ಲಿ ಮಾವ ಬಂದು ಎದುರಿಗೆ ಕುಳಿತರು.

"ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ಉಂಟಂತಲ್ಲ?"

"ಬೇಕಾದಷ್ಟುಂಟು. ನಿಮಗೆ ಯಾವುದು ಬೇಕು?"

"ಅದನ್ನೇ ನೋಡುವ ಅಂತ ಬಂದದ್ದು. ಒಂದೊಂದೇ ತೋರಿಸು."

ನಾನು ಅಲ್ಲಿ ಇಲ್ಲಿ ಕೇಳಿ ಸಿಡಿಗಳನ್ನು ಸಂಪಾದಿಸಿದೆ. ಹೆಣ್ಣು ನೋಡಲು ಹೋದವರು ಇಷ್ಟು ಪರೀಕ್ಷೆ ಮಾಡಿದ್ದನ್ನು ನಾನು ಕಂಡಿಲ್ಲ! ಮೊದಲನೆಯದು ಚಿತ್ರದ ಆಟ. ಹಸಿರು ಮೈದಾನ, ಕೂಗುವ ಜನ, ಬಂದ ಚೆಂಡಿಗೆ ಸರಿಯಾಗಿ ಕೀಲಿ ಒತ್ತಬೇಕು. ಮಾವ ಕನ್ನಡಕ ಏರಿಸಿ ಕೀಲಿ ಹುಡುಕುವಷ್ಟರಲ್ಲಿ ಮೂರು ಜನ ಔಟಾಗಿ ಹೋಗಿದ್ದರು. "ಇದು ಆಟ ಅಲ್ಲ, ನಿನ್ನ ಟೈಪಿಂಗ್ ಪರೀಕ್ಷೆ" ಎಂದು ಎದ್ದು ಹೋದರು.

ಎರಡನೆಯದರಲ್ಲಿ ಮಾವನೇ ತಂಡದ ಯಜಮಾನ. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದೆಲ್ಲ ಅವರದೇ ತೀರ್ಮಾನ. ಇದು ಹಿಡಿಸಿತು ಎಂದುಕೊಳ್ಳುವಾಗ ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿತು: ತಂಡದಲ್ಲಿ ಜನ ಹೆಚ್ಚಾದರು, ಈ ಹಳೆಯ ಆಟಗಾರನನ್ನು ತೆಗೆಯುತ್ತೀರಾ?

"ಅವ ಎಂತ ತಪ್ಪು ಮಾಡಿದ್ದಾನೆ?" ಮಾವ ನನ್ನನ್ನು ಕೇಳಿದರು.

"ವಯಸ್ಸಾಯ್ತಲ್ಲ ಮಾವ."

"ವಯಸ್ಸಾಗುದು ತಪ್ಪಾ?"

ಮಾವನಿಗೆ ಆಗ ಐವತ್ತೆರಡು. ಉತ್ತರ ಕೊಡದೆ ಆಟ ಮುಂದಕ್ಕೆ ಹೋಗದು, ಮಾವ ಉತ್ತರ ಕೊಡುವವರಲ್ಲ. ಮೂರು ವಾರ ಬಂದು ಬಂದು ಆ ಪ್ರಶ್ನೆಯ ಮುಂದೆ ಕುಳಿತು, ಚಹಾ ಕುಡಿದು ಹೋದರು. ನಾಲ್ಕನೆಯ ವಾರ ನಾನೇ ಆ ಸಿಡಿಯನ್ನು ಬಚ್ಚಿಟ್ಟೆ.

ಮೂರನೆಯದು ತೀರಾ ಹಳೆಯದು. ಚಿತ್ರವಿಲ್ಲ, ಸದ್ದಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಒಂದು ಎಸೆತಕ್ಕೆ ಒಂದು ಸಾಲು. ಹೆಸರುಗಳನ್ನು ನಮಗೆ ಬೇಕಾದಂತೆ ಬದಲಿಸಬಹುದು. ಒಂದು ಸಾಲು ಬಂದ ಮೇಲೆ ನಾವು ಕೀಲಿ ಒತ್ತುವವರೆಗೆ ಅದು ಸುಮ್ಮನೆ ನಿಂತಿರುತ್ತದೆ. ತೋರಿಸುವುದಕ್ಕೇ ನನಗೆ ನಾಚಿಕೆಯಾಗಿತ್ತು. ಮಾವ ಒಂದು ಸಾಲು ಓದಿದರು. ಕೈ ಕಟ್ಟಿ ಕುಳಿತರು. ಎರಡು ನಿಮಿಷ ಕಳೆಯಿತು.

"ಕಾಯ್ತದಲ್ಲ!" ಎಂದರು.

"ನಾಳೆಯವರೆಗೂ ಕಾಯ್ತದೆ ಮಾವ."

"ಇದೇ ಸಾಕು. ಅಕ್ಷರ ದೊಡ್ಡದು ಮಾಡ್ಲಿಕ್ಕೆ ಆಗ್ತದಾ?"

ಮಾವನ ಕನ್ನಡಕ ಬದಲಿಸುವ ಕಾಲ ಬಂತು ಎಂದು ನಾನು ತಿಳಿದೆ. ಆಟದ ಸಾಲುಗಳನ್ನು ಟೈಪಿಂಗ್ ಪ್ರೋಗ್ರಾಮಿಗೆ ತಂದು ಅಕ್ಷರ ದೊಡ್ಡದು ಮಾಡುವ ಉಪಾಯ ಹೇಳಿಕೊಟ್ಟೆ.

ಮರುವಾರ ಬಸ್ಸಿನಿಂದ ಮಾವ ಒಬ್ಬರೇ ಇಳಿಯಲಿಲ್ಲ. ಮೋನಾಕನ ತೋಳು ಹಿಡಿದು, ಮೆಟ್ಟಿಲು ಇಲ್ಲಿದೆ, ಇನ್ನೊಂದಿದೆ ಎನ್ನುತ್ತ ಇಳಿಸಿದರು. ಮೋನಾಕನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿದಿತ್ತು. ದಾಳದ ಮೇಲಿನ ಚುಕ್ಕಿ, ಕಾರ್ಡಿನ ಸಣ್ಣ ಅಕ್ಷರ ಕಾಣುವುದು ನಿಂತು ಬಹಳ ತಿಂಗಳಾಗಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ.

ಇಬ್ಬರೂ ಪ್ರತಿ ವಾರ ಬರತೊಡಗಿದರು. ಮಾವನದು ಮೂಡುಬಿದಿರೆ ತಂಡ, ಮೋನಾಕನದು ಬಂಟ್ವಾಳ. ಮೊದಮೊದಲು ಪರದೆಯಲ್ಲಿ ಎಂಟು ಸಾಲು ಹಿಡಿಯುತ್ತಿತ್ತು, ಮೋನಾಕ ಮೂಗು ತಾಗಿಸಿಕೊಂಡು ತಾವೇ ಓದುತ್ತಿದ್ದರು. ಮಳೆಗಾಲದ ಹೊತ್ತಿಗೆ ನಾಲ್ಕು ಸಾಲಾಯಿತು. ಆಮೇಲೆ ಎರಡು. ಮಂಗಳೂರಿನಲ್ಲಿ ಒಂದು ಆಪರೇಷನ್ ಆಯಿತು, ಅಷ್ಟೇನೂ ಗುಣ ಕಾಣಲಿಲ್ಲ. ಕೊನೆಗೆ ಒಂದು ಪರದೆಗೆ ಒಂದೇ ಪದ ಎಂಬಷ್ಟಕ್ಕೆ ಬಂತು. ಉಳಿದದ್ದನ್ನು ಮಾವ ಓದಿ ಹೇಳುತ್ತಿದ್ದರು. ಮೋನಾಕನ ತಂಡ ಹದಿನಾಲ್ಕು ರನ್ನಿನಿಂದ ಸೋತ ದಿನವೂ ಒಂದು ಅಕ್ಷರ ಬಿಡದೆ ಓದಿದರು. ನನಗೆ ಕೇಳಲಾಗಲಿಲ್ಲ.

"ಸ್ವಲ್ಪ ಆಚೀಚೆ ಮಾಡಿ ಹೇಳಬಾರದಾ ಮಾವ?" ಎಂದು ಹೊರಗೆ ಕರೆದು ಕೇಳಿದೆ.

ಒಳಗಿದ್ದ ಮೋನಾಕನಿಗೆ ಅದು ಕೇಳಿಸಿತು. "ಬೇಡ ಮಗ" ಎಂದರು ನಗುತ್ತ. "ಮನೆಯಲ್ಲಿ ಹೆಂಡತಿ, ಮಕ್ಕಳು, ನೆಂಟರು ಎಲ್ಲರೂ ಸರಿಯಾಗ್ತದೆ, ಸರಿಯಾಗ್ತದೆ ಅಂತಾರೆ. ನನ್ನನ್ನು ಔಟ್ ಅನ್ನುವವ ಇವ ಒಬ್ಬನೇ ಇರುದು. ಇವನನ್ನೂ ಕೆಡಿಸ್ಬೇಡ."

ಮತ್ತೆ ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಆಟ ಅರ್ಧಕ್ಕೆ ಬಂದಿತ್ತು. ಬೀದಿಯಲ್ಲಿ ಬಿಸಿಲು ಕಾಯುತ್ತಿತ್ತು. ಮೋನಾಕ ಪರದೆಯ ಮುಂದೆ ಮುಖ ತಂದು, ಹಿಂದೆ ಸರಿದು, ಪುನಃ ಮುಂದೆ ತಂದರು.

"ಕರೆಂಟ್ ಹೋಯ್ತಾ?"

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಹೌದು ಎಂದುಬಿಡಿ ಮಾವ, ಹೌದು ಎಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮಾವ ಪರದೆ ನೋಡಿದರು, ಮೋನಾಕನ ಮುಖ ನೋಡಿದರು.

"ಇಲ್ಲ ಮೋನು. ಕರೆಂಟ್ ಉಂಟು."

ಮೋನಾಕ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿದರು.

"ಹೌದಾ" ಎಂದರು. ಆಮೇಲೆ ಕೇಳಿದರು, "ನಮ್ಮವರು ಎಷ್ಟು ಔಟ್?"

"ಎರಡು."

"ಹಾಗಾದ್ರೆ ಇನ್ನೊಂದುಂಟಲ್ಲ. ಓದು."

ಮಾವ ಓದಲು ಬಾಯಿ ತೆರೆದರು. ಸ್ವರ ಹೊರಡಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕುಳಿತೆ. ಕೀಲಿ ಒತ್ತಿ ಸಾಲು ಸಾಲಾಗಿ, ಇದ್ದದ್ದನ್ನು ಇದ್ದ ಹಾಗೆಯೇ ಓದುತ್ತಾ ಹೋದೆ. ಮಾವ ಮೋನಾಕನ ಕೈ ಹಿಡಿದುಕೊಂಡು ಕೇಳುತ್ತಿದ್ದರು. ಆಟ ಮುಗಿಯುವವರೆಗೂ ಆ ಕೈ ಬಿಡಲಿಲ್ಲ.