ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋದ ಇಮೇಲ್

ಇಮೇಲ್ ಕಳಿಸುವುದು ನನಗೆ ಎಲೆಯಡಿಕೆ ಹಾಕಿಕೊಂಡಷ್ಟೇ ಸಲೀಸು ಎಂದು ನಾನು ನಂಬಿದ್ದೆ. ಸಿಂಧನೂರಿನ ನಮ್ಮ ಕಚೇರಿಯಲ್ಲಿ ಪತ್ರವ್ಯವಹಾರದ ಟೇಬಲ್ಲೇ ನನ್ನದು. ಮನೆಯ ಲ್ಯಾಪ್‌ಟಾಪಿನಲ್ಲಿ ಹಳೆಯದೊಂದು ಮೇಲ್ ಪ್ರೋಗ್ರಾಮ್ ಇದೆ. ಅದನ್ನು ಹಾಕಿಕೊಂಡವನು ನಾನು. ಬೇರೆ ಯಾರಿಗೂ ಮುಟ್ಟಲು ಬಿಟ್ಟವನಲ್ಲ.

ನನ್ನ ಹೆಂಡತಿ ಮಹಾದೇವಿ ಹೈಸ್ಕೂಲ್ ಶಿಕ್ಷಕಿ. ಜೀವನದಲ್ಲಿ ಮೊದಲ ಸಲ ಒಂದು ಲೇಖನ ಬರೆದಿದ್ದಳು. ತುರ್ವಿಹಾಳದ ಗದ್ದೆಗಳಲ್ಲಿ ನೆಲ್ಲು ನಾಟಿ ಮಾಡಿ ತನ್ನನ್ನು ಓದಿಸಿದ ಅವ್ವನ ಬಗ್ಗೆ. ಅದು ಶಿಕ್ಷಕರ ಸ್ಮರಣ ಸಂಚಿಕೆಗೆ ಹೋಗಬೇಕಿತ್ತು. ಸಂಪಾದಕರು ಲಿಂಗಸುಗೂರಿನ ನಿವೃತ್ತ ಹೆಡ್‌ಮಾಸ್ತರ್ ಬಸಲಿಂಗಪ್ಪನವರು. ಅವರದು ಒಂದೇ ಕರಾರು: ವಾಟ್ಸಾಪ್ ನೋಡುವುದಿಲ್ಲ, ಇಮೇಲೇ ಮಾಡಬೇಕು. ಸಂಚಿಕೆ ಆ ಭಾನುವಾರ ಸಂಜೆ ಪ್ರೆಸ್ಸಿಗೆ ಹೋಗುವುದಿತ್ತು.

"ನನ್ನ ಫೋನಿನಿಂದನ ಇಮೇಲ್ ಮಾಡ್ತೀನಿ ಬಿಡ್ರಿ," ಎಂದಳು ಮಹಾದೇವಿ ಅಂದು ಮುಂಜಾನೆ.

"ಫೋನಿನಿಂದ ಕಳಿಸಿದ್ರ ಏನು ತೂಕ ಇರ್ತದ? ನೀ ಚಾ ಇಡು. ಕುದಿಯೋದ್ರಾಗ ಮುಟ್ಟಿರ್ತದ!"

ಚಹಾ ಕುದಿಯಿತು. ಆರಿತು. ಮೇಲ್ ಮಾತ್ರ ಔಟ್‌ಬಾಕ್ಸ್ ಬಿಟ್ಟು ಕದಲಲಿಲ್ಲ. ನೆಟ್ ಏನೋ ಚೆನ್ನಾಗಿಯೇ ಇತ್ತು. ಹಿಂದಿನ ವಾರವಷ್ಟೇ ಹಳೆಯ ಸಂಪರ್ಕ ತೆಗೆಸಿ, ಹೊಸ ಕಂಪನಿಯದು ಹಾಕಿಸಿದ್ದೆ. ಅವರ ಸಹಾಯವಾಣಿಗೆ ಫೋನ್ ಹಚ್ಚಿದೆ. ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತಾಡಿದಳು.

"ಸರ್, ಸ್ಪ್ಯಾಮ್ ತಡೆಯೋಕೆ ನಾವು ಪೋರ್ಟ್ ಇಪ್ಪತ್ತೈದನ್ನ ಬಂದ್ ಮಾಡಿದೀವಿ. ನಿಮ್ಮ ಪ್ರೋಗ್ರಾಮ್ ಅಲ್ಲಿಂದಲೇ ಮೇಲ್ ಕಳಿಸ್ತಿದೆ. ಸೆಟ್ಟಿಂಗ್ಸ್‌ನಲ್ಲಿ 587 ಅಂತ ಬದಲಾಯಿಸಿ."

"ಪೋರ್ಟ್ ಅಂದ್ರ ಬಂದರಲ್ಲೇನಮ್ಮ? ನಮ್ಮ ಕಡಿ ಸಮುದ್ರನ ಇಲ್ಲ. ನಮ್ಮದು ಕಾಲುವಿ!"

"ಬಾಗಿಲು ಅಂದ್ಕೊಳ್ಳಿ ಸರ್. ಆ ಬಾಗಿಲು ಹಾಕಿದೆ, ಪಕ್ಕದ ಬಾಗಿಲಿಂದ ಕಳಿಸಿ."

"ಗೊತ್ತಾತು, ಗೊತ್ತಾತು," ಎಂದು ಗಂಭೀರವಾಗಿ ಫೋನ್ ಇಟ್ಟೆ. ಗೊತ್ತಾಗಿರಲಿಲ್ಲ! ಸೆಟ್ಟಿಂಗ್ಸ್‌ನಲ್ಲಿ ಒಂದಲ್ಲ, ಎರಡು ಖಾನೆಗಳಿದ್ದವು. ಬರುವ ಮೇಲಿಗೆ ಒಂದು, ಹೋಗುವ ಮೇಲಿಗೆ ಇನ್ನೊಂದು. ನಾನು 587ನ್ನು ಬರುವ ಖಾನೆಗೆ ಹಾಕಿದೆ. ಅಲ್ಲಿಯವರೆಗೆ ಮೇಲ್ ಹೋಗುತ್ತಿರಲಿಲ್ಲ, ಅಷ್ಟೇ. ಈಗ ಬರುವುದೂ ನಿಂತಿತು!

ಮತ್ತೆ ಫೋನ್ ಮಾಡಿ ಕೇಳಲು ಮಾನ ಅಡ್ಡ ಬಂತು. ಬದಲಿಗೆ ಪ್ರಯೋಗಕ್ಕೆ ಇಳಿದೆ. ಒಂದರ ಹಿಂದೊಂದು ಸಣ್ಣ ಮೇಲ್ ಬರೆದು ಕಳಿಸತೊಡಗಿದೆ. ಎಲ್ಲಕ್ಕೂ ಮಾಸ್ತರರ ವಿಳಾಸವನ್ನೇ ಹಾಕಿದೆ, ಮುಟ್ಟಬೇಕಾದದ್ದು ಅವರಿಗೇ ತಾನೆ? ಮೊದಮೊದಲು "ಪರೀಕ್ಷೆ" ಎಂದು ಬರೆದೆ. ಆಮೇಲಾಮೇಲೆ ಸಿಟ್ಟು ನೆತ್ತಿಗೇರಿ, ಆ ದರಿದ್ರ ಯಂತ್ರಕ್ಕೆ ಹೇಳಬೇಕೆನಿಸಿದ್ದನ್ನೆಲ್ಲ ಬರೆದೆ.

"ಇನ್ನೂ ಎಷ್ಟೊತ್ತರೀ?" ಎಂದಳು ಮಹಾದೇವಿ.

"ಇದು ನೆಟ್ಟಿನ ತಪ್ಪು, ನಂದಲ್ಲ. ನಡಿ, ಮಸ್ಕಿಗೆ ಹೋಗೂಣು. ನಿಮ್ಮ ತಮ್ಮನ ಮನ್ಯಾಗ ಕಳಸ್ತೀನಿ."

ಲ್ಯಾಪ್‌ಟಾಪ್ ಎದೆಗವುಚಿಕೊಂಡು ಬಸ್ ಹತ್ತಿದೆವು. ಮಸ್ಕಿಯಲ್ಲಿ ಅವಳ ತಮ್ಮ ಅಮರೇಶ ಮಂಡಕ್ಕಿಯ ಮಂಡಾಳ ಒಗ್ಗರಣೆ ತಿನ್ನಿಸಿ, ನನ್ನ ಕಥೆಯನ್ನೆಲ್ಲ ಕೇಳಿ, ತಲೆ ಕೆರೆದುಕೊಂಡ.

"ಮಾಮಾ, ನಮ್ಮದೂ ಅದೇ ಕಂಪನಿ. ಭಾಳ ಛಲೋ ಐತಿ ಅಂತ ನೀವೇ ಹೇಳಿ ಹಾಕ್ಸಿದ್ರಲ್ಲ!"

ಮಹಾದೇವಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮತ್ತೆ ಬಸ್ಸು. ಲಿಂಗಸುಗೂರಿನಲ್ಲಿ ಇಳಿದು ಇಂಟರ್‌ನೆಟ್ ಅಂಗಡಿ ಹುಡುಕಿದೆವು. ಭಾನುವಾರ, ಬಾಗಿಲು ಹಾಕಿತ್ತು. ಹೊತ್ತು ಇಳಿಯುತ್ತಿತ್ತು. "ಮಾಸ್ತರ ಮನಿ ಇಲ್ಲೇ ಹಿಂದಿನ ಓಣ್ಯಾಗ ಐತಿ," ಎಂದಳು ಮಹಾದೇವಿ ತಣ್ಣಗೆ.

ಬಸಲಿಂಗಪ್ಪ ಮಾಸ್ತರರು ಕಂಪ್ಯೂಟರಿನ ಮುಂದೆ ಕೂತು ಸಂಚಿಕೆಯ ಪುಟ ತಿದ್ದುತ್ತಿದ್ದರು.

"ಬರ್ರಿ, ಬರ್ರಿ. ಏನು ಇಷ್ಟು ದೂರ ಬಂದ್ರಿ?"

"ನಿಮಗೊಂದು ಇಮೇಲ್ ಮಾಡಬೇಕಿತ್ರಿ ಸರ," ಎಂದೆ. "ನಿಮ್ಮ ವೈಫೈ ಪಾಸ್‌ವರ್ಡ್ ಹೇಳ್ತೀರೇನು?"

ಅವರು ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿ, ಪಾಸ್‌ವರ್ಡ್ ಹೇಳಿದರು. ಅವರ ನೆಟ್ಟು ಬೇರೆ ಕಂಪನಿಯದು. ಅಲ್ಲಿ ಯಾವ ಬಾಗಿಲೂ ಹಾಕಿರಲಿಲ್ಲ. ನಾನು ಗುಂಡಿ ಒತ್ತಿದ್ದೇ ತಡ, ಒಂದು ಮಾರು ದೂರದ ಅವರ ಕಂಪ್ಯೂಟರ್ "ಟಿಣ್" ಎಂದಿತು. ನಾನು ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದೆ.

ಟಿಣ್. ಟಿಣ್. ಟಿಣ್. ಟಿಣ್!

ಮುಂಜಾನೆಯಿಂದ ಔಟ್‌ಬಾಕ್ಸಿನಲ್ಲಿ ಕೊಳೆಯುತ್ತಿದ್ದದ್ದೆಲ್ಲ ಕಾಲುವೆಗೆ ನೀರು ಬಿಟ್ಟಂತೆ ಹರಿದುಬಂತು. ಮಾಸ್ತರರು ಪಾಠ ಓದುವ ಧ್ವನಿಯಲ್ಲಿ ಓದತೊಡಗಿದರು.

"'ಪರೀಕ್ಷೆ.' ಮತ್ತ 'ಪರೀಕ್ಷೆ.' 'ಹೋಗ್ತೀಯೋ ಇಲ್ಲೋ?' 'ಲೇ ಮುದಿ ಡಬ್ಬಾ, ನಿನ್ನ ಆಟ ಮುಗೀತು.' 'ನಿನ್ನ ಗುಜರಿಗೆ ಹಾಕಲಿಲ್ಲಂದ್ರ ನನ್ನ ಹೆಸರು ಬದಲ್ ಮಾಡ್ತೀನಿ.'" ಅವರು ತಿರುಗಿದರು. "ನನಗ ಎಪ್ಪತ್ತೆರಡು ವರ್ಷ ಆತು, ಖರೆ. ಆದರ ಗುಜರಿಗೆ ಹಾಕೂವಂಥಾದ್ದು ಏನು ಮಾಡೀನಪಾ ನಾ?"

"ನಿಮಗಲ್ರಿ ಸರ! ಲ್ಯಾಪ್‌ಟಾಪಿಗೆ!"

"ವಿಳಾಸ ನಂದೈತಲ್ಲ!"

ನೆಲ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಲ್ಯಾಪ್‌ಟಾಪ್ ಸಮೇತ ಇಳಿದುಬಿಡುತ್ತಿದ್ದೆ.

"ಇರ್ಲಿ. ಲೇಖನ ಎಲ್ಲೈತಿ?" ಎಂದರು. ಮೊದಲ ಮೇಲ್ ತೋರಿಸಿದೆ. 'ಮಾನ್ಯರೆ, ಲೇಖನವನ್ನು ಇದರೊಂದಿಗೆ ಲಗತ್ತಿಸಲಾಗಿದೆ' ಎಂದು ಅಚ್ಚುಕಟ್ಟಾಗಿ ಬರೆದಿದ್ದೆ. ಲಗತ್ತಿಸಿರಲಿಲ್ಲ!

ನಾನು ಮತ್ತೆ ಲ್ಯಾಪ್‌ಟಾಪಿಗೆ ಕೈ ಹಾಕುವಷ್ಟರಲ್ಲಿ ಮಹಾದೇವಿ ಬ್ಯಾಗಿನಿಂದ ತನ್ನ ಕೈಬರಹದ ನಾಲ್ಕು ಹಾಳೆ ತೆಗೆದು ಮಾಸ್ತರರ ಮುಂದಿಟ್ಟಳು. ಮಾಸ್ತರರು ಓದಿದರು. ಒಂದು ಕಡೆ ಓದು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

"ನಿಮ್ಮವ್ವನ ನನ್ನ ಕಣ್ಣ ಮುಂದ ನಿಲ್ಸಿದ್ರಿ, ತಾಯಿ. ಇದು ಮೊದಲನೇ ಪುಟಕ್ಕ ಹೋಗ್ತದ. ನಾನ ಕುಂತು ಟೈಪ್ ಮಾಡ್ತೀನಿ." ಆಮೇಲೆ ನನ್ನ ಕಡೆ ಕಣ್ಣು ಹಾಯಿಸಿ ಸೇರಿಸಿದರು, "ಬರೂ ವರ್ಷನೂ ಬರೀರಿ. ಆದರ ಯಜಮಾನರ ಕೈಯಾಗ ಕೊಡಬ್ಯಾಡ್ರಿ. ಅಂಚೆಗೆ ಹಾಕ್ರಿ."

ಈ ವರ್ಷವೂ ಮಹಾದೇವಿ ಲೇಖನ ಬರೆದಳು. ಲಕೋಟೆಯ ಮೇಲೆ ವಿಳಾಸ ಬರೆಯುವ ಕೆಲಸವಾದರೂ ನನಗೆ ಸಿಗಬಹುದೆಂದು ಪೆನ್ನು ಹಿಡಿದು ಕಾದೆ. ಅದನ್ನೂ ಅವಳೇ ಬರೆದಳು. ನನಗೆ ಗೋಂದು ಹಚ್ಚಲು ಕೊಟ್ಟಳು.

ಹಚ್ಚಿ ಮುಗಿಸಿ, ಹೆಮ್ಮೆಯಿಂದ ಅವಳ ಕೈಗಿತ್ತೆ. ಅವಳು ಲಕೋಟೆಯನ್ನು ಹಗುರವಾಗಿ ಅಲುಗಾಡಿಸಿ ಕೇಳಿದಳು:

"ಒಳಗ ಹಾಳಿ ಹಾಕೀರೇನ್ರೀ?"